ಒರೆಸದೆ ಬಿಟ್ಟ ನೀರು

ಬೋರ್‌ವೆಲ್ ನೀರಿನ ಕಾಟ ನಿಮಗೇನು ಹೊಸದೇ? ನಲ್ಲಿಯ ಬಾಯಿಗೆ ಬಿಳಿ ಪೊರೆ, ಬಾಲ್ದಿಯ ತಳಕ್ಕೆ ಬಿಳಿ ಪೊರೆ. ಮುಂಬೈ ಹತ್ತಿರದ ಡೊಂಬಿವ್ಲಿಯ ತಾರಾನಾಥರ ಮನೆಯಲ್ಲಿ ಅದು ಕಾರಿನ ಮೇಲೂ ಕೂತಿತ್ತು. ಬರೀ ಕಾರಾಗಿದ್ದರೆ ನಾನು ಈ ಕಥೆ ಹೇಳುತ್ತಲೇ ಇರಲಿಲ್ಲ.

ಕಾರು ಅವರ ಮಗ ಸುಜನ್‌ನದು. ಕಪ್ಪು ಬಣ್ಣ ಅವನೇ ಆರಿಸಿದ್ದು. ಹೋದ ವರ್ಷ ಜ್ವರ ಬಂದು ತೀರಿಕೊಂಡ. ತಾರಾನಾಥರಿಗೆ ಡ್ರೈವಿಂಗ್ ಬಾರದು. ಆದರೂ ಭಾನುವಾರ ಮಧ್ಯಾಹ್ನ ಹೋಟೆಲ್ ಕೆಲಸ ಮುಗಿಸಿ ಬಂದವರೇ ಪೈಪ್ ಹಿಡಿದು ಕಾರು ತೊಳೆಯುತ್ತಿದ್ದರು. ಒರೆಸುತ್ತಿರಲಿಲ್ಲ. "ಬಿಸಿಲು ಉಂಟಲ್ಲ, ಒಣಗ್ತದೆ" ಎನ್ನುತ್ತಿದ್ದರು. ಒಣಗುತ್ತಿತ್ತು, ನಿಜ. ನೀರು ಆರಿ ಸುಣ್ಣ ಉಳಿಯುತ್ತಿತ್ತು. ಬರಬರುತ್ತಾ ಕಾರಿನ ತುಂಬ ಬಿಳಿ ಕಲೆಗಳು.

ಆಯುಧಪೂಜೆಯ ಹಿಂದಿನ ದಿನ ಹೆಂಡತಿ ಉಮಾವತಿ ಅದನ್ನು ನೋಡಿ ಅತ್ತೇಬಿಟ್ಟರು.

"ಮಗನ ಕಾರನ್ನು ಎಂತ ಮಾಡಿಟ್ಟಿದ್ದೀರಿ ಮಾರಾಯ್ರೆ? ನಾಳೆ ಇದಕ್ಕೆ ಹೂ ಇಡುವುದು ಹೇಗೆ?"

ತಾರಾನಾಥರಿಗೆ ತಡೆಯಲಾಗಲಿಲ್ಲ. ಹಿತ್ತಾಳೆ ದೀಪ ಬೆಳಗಲು ನೆನೆಹಾಕಿದ್ದ ಹುಣಸೆಹಣ್ಣು, ತೆಂಗಿನ ನಾರು ಎರಡನ್ನೂ ತಂದು ಬಾನೆಟ್ಟನ್ನು ಗಸಗಸ ತಿಕ್ಕತೊಡಗಿದರು.

ಎದುರು ಫ್ಲ್ಯಾಟಿನ ಸ್ನೇಹಲ್ ಓಡಿ ಬಂದಳು. ವಿಜಯಪುರದ ಕಡೆಯವರ ಮಗಳು, ತನ್ನ ಕಾರನ್ನು ತಾನೇ ತೊಳೆಯುವವಳು.

"ಥಾಂಬಾ ಕಾಕಾ, ನಿಲ್ಲಸ್ರಿ! ನಾರು ಹಚ್ಚಬ್ಯಾಡ್ರಿ!"

"ಸುಮ್ಮನಿರು ನೀನು. ದೀಪಕ್ಕೆ ಆಗುವುದು ಇದಕ್ಕೆ ಆಗುದಿಲ್ವಾ?"

"ದೀಪಕ್ಕ ಪೇಂಟ್ ಎಲ್ಲೈತ್ರಿ?"

ಕೈ ನಿಂತಿತು. ಬಾನೆಟ್ ತುಂಬ ಗೀರುಗಳು.

"ಹೋಗ್ತದಾ ಇದು?"

"ಇಲ್ರಿ ಕಾಕಾ. ಮನ್ಯಾಗ ತೊಳದ್ರ ಹೋಗೂದಿಲ್ಲ."

ತಾರಾನಾಥರು ಮೆಟ್ಟಿಲ ಮೇಲೆ ಕುಸಿದರು. "ಅವನದ್ದೂಂತ ಉಳಿದದ್ದು ಇದೊಂದೇ. ಅದನ್ನೂ ನಾನೇ ಹಾಳು ಮಾಡಿದೆ."

ಉಮಾವತಿ "ಬಾಗಿಲುಗಳನ್ನಾದರೂ ಉಳಿಸಿಕೊಡು ಮಗಾ" ಎಂದು ಸ್ನೇಹಲ್ ಕೈ ಹಿಡಿದುಕೊಂಡರು.

ಕಾರನ್ನು ನೆರಳಿಗೆ ತಳ್ಳಿದರು. ತಗಡು ತಣ್ಣಗಾಗಲು ಬಿಟ್ಟರು. ಸ್ನೇಹಲ್ ಮುನ್ಸಿಪಾಲ್ಟಿ ನೀರು ತರಿಸಿದಳು.

"ನೀರು ನೀರೇ ಅಲ್ವಾ?" ಎಂದರು ತಾರಾನಾಥರು, ಸೋತ ದನಿಯಲ್ಲಿ.

"ಬೋರ್ ನೀರಿನ ನಲ್ಲಿ ನೋಡ್ರಿ ಕಾಕಾ, ಹೆಂಗ ಸುಣ್ಣ ಕಟ್ಟೈತಿ. ಅದಾ ಇಲ್ಲೂ ಕೂಡ್ತೈತಿ. ಒಂದೊಂದಾ ಬಾಗಿಲಾ ತೊಳೀರಿ. ಆರೂದ್ರಾಗ ಒರಸ್ರಿ."

ಹಳೆಯ ಕಲೆ ತೆಗೆಯಲು ಬಿಳಿ ವಿನೆಗರ್‌ಗೆ ಅಷ್ಟೇ ನೀರು ಬೆರೆಸಿ, ಮೊದಲು ಒಂದು ಮೂಲೆಯಲ್ಲಿ ಹಚ್ಚಿ ನೋಡಿದಳು. ಮೆತ್ತನೆಯ ಬಟ್ಟೆಯಿಂದ ಹಗುರಾಗಿ ಒರೆಸಿ, ತಕ್ಷಣ ತೊಳೆದು, ಒಣಬಟ್ಟೆ ಆಡಿಸಿದಳು. ಬಾಗಿಲುಗಳಲ್ಲಿ ಹೊಳಪು ಬಂತು. ಪೇಂಟಿಗೇ ಇಳಿದಿದ್ದ ಕೆಲವು ಕಲೆ ಹೋಗಲಿಲ್ಲ.

ಮರುದಿನ ಉಮಾವತಿ ಹೂವನ್ನು ಬಾನೆಟ್ ಮೇಲೆ ಇಡಲಿಲ್ಲ. ಸುಜನ್ ಕೈಹಾಕಿ ತೆರೆಯುತ್ತಿದ್ದ ಬಾಗಿಲ ಹಿಡಿಗೆ ಸಿಕ್ಕಿಸಿದರು. ಅದರಿಂದ ತೊಟ್ಟಿಕ್ಕಿದ ನೀರನ್ನು ತಾರಾನಾಥರು ಆಗಲೇ ಒರೆಸಿದರು.

ಅಕ್ಕ ಅಣ್ಣಂದಿರೇ, ಬಿಸಿಲಲ್ಲಿ ಕಾರು ತೊಳೆಯಬೇಡಿ. ಬೋರ್ ನೀರು ಬಿಟ್ಟರೆ ಗತಿಯಿಲ್ಲವೇ? ಕೊನೆಯ ಒಂದು ಬಾಲ್ದಿಯಾದರೂ ಒಳ್ಳೆಯ ನೀರಿರಲಿ. ಪಾತ್ರೆ ತಿಕ್ಕುವ ನಾರು ಅಡುಗೆಮನೆಯಲ್ಲೇ ಇರಲಿ. ತಾರಾನಾಥರ ಬಾನೆಟ್ಟಿಗೆ ನನ್ನ ಬಳಿ ಉಪಾಯವಿಲ್ಲ. ನಿಮ್ಮ ಕಾರಿಗೆ ಇನ್ನೂ ಇದೆ. ನೀರು ಆರುವ ಮೊದಲೇ ಬಟ್ಟೆ ಕೈಗೆತ್ತಿಕೊಳ್ಳಿ.