ಪ್ರಸಾರವಾಗದ ಕರೆ

ಆರ್ಡಿತ್ ಸ್ಟ್ಯಾಂಪರಳ ಅಪ್ಪ ಕೋಳಿಮರಿ ಮಾರುತ್ತಿದ್ದ ಶೆಡ್ಡಿನಲ್ಲೇ ಮೈಕು ಇಟ್ಟು ಆ ರೇಡಿಯೋ ಸ್ಟೇಷನ್ ಶುರುಮಾಡಿದ್ದ. ಆಗೆಲ್ಲ ಬೆಳಿಗ್ಗೆ ಸ್ತೋತ್ರಗೀತೆ, ಆಮೇಲೆ ಗೋಧಿಯ ಧಾರಣೆ, ಭಾನುವಾರ ಪ್ರವಚನ, ಅಷ್ಟೇ. ಅಪ್ಪ ಹೋದಮೇಲೆ ಹಾಡುಗಳು ಒಂದೊಂದಾಗಿ ಹಿಂದೆ ಸರಿದು ದಿನವಿಡೀ ಮಾತೇ ಆಯಿತು. ಪಾದ್ರಿಗಳು ದುಡ್ಡು ಕೊಟ್ಟು ಪ್ರಸಾರದ ಸಮಯ ಕೊಂಡು ಉಪದೇಶ ಮಾಡುತ್ತಿದ್ದರು. ಮಧ್ಯಾಹ್ನದ ಒಂದು ಗಂಟೆ ಮಾತ್ರ ಆರ್ಡಿತ್‌ಳದು. ಕ್ಯಾನ್ಸಸ್ಸಿನ ಆ ಬಯಲಿನ ಜನ ಫೋನ್ ಮಾಡಿ ಬೈಬಲ್ಲಿನ ಸಂಶಯದಿಂದ ಹಿಡಿದು ಸಂಸಾರದ ಗೋಳಿನವರೆಗೆ ಎಲ್ಲ ತೋಡಿಕೊಳ್ಳುತ್ತಿದ್ದರು.

ಆ ಗುರುವಾರ ಮಾತು ಮದುವೆಯ ಬಗ್ಗೆ. ಹೊರಕೋಣೆಯಲ್ಲಿ ಪಾದ್ರಿ ರಾಯ್ಸ್ ಟ್ಯಾಕೆಟ್ ತನ್ನ ವಾರದ ಪ್ರವಚನ ಧ್ವನಿಮುದ್ರಿಸಲು ಕಾಯುತ್ತಾ ಕೂತಿದ್ದ. ಅವನ ತಲೆಯ ಮೇಲಿನ ಸ್ಪೀಕರಿನಲ್ಲಿ ಆರ್ಡಿತ್‌ಳ ಕಾರ್ಯಕ್ರಮ ಹೋಗುತ್ತಿತ್ತು.

"ಹೆಸರು ಹೇಳಲ್ಲಮ್ಮ," ಅಂದಿತು ಫೋನಿನ ದನಿ. "ಹೊಡೆಯೋ ಗಂಡನ್ನ ಬಿಟ್ಟುಹೋದ್ರೆ ದೇವರು ಕ್ಷಮಿಸ್ತಾನಾ?"

ಆರ್ಡಿತ್‌ಗೆ ಗುರುತು ಹತ್ತಿತು. ಭಾನುವಾರ ಭಾನುವಾರ ಚರ್ಚಿನಲ್ಲಿ ಹಾಡುವ ದನಿ. ರಾಯ್ಸನ ಹೆಂಡತಿ ಕೊರೀನ್!

ಫೋನಿನ ಮಾತು ಪ್ರಸಾರವಾಗುವ ಮುಂಚೆ ಕೆಲವು ಸೆಕೆಂಡು ತಡೆದು ನಿಲ್ಲುತ್ತಿತ್ತು. ಆರ್ಡಿತ್ ಕೆಂಪು ಗುಂಡಿ ಅದುಮಿ ಅದನ್ನು ಅಳಿಸಿಹಾಕಿದಳು. "ಈಗ ಒಂದು ಗೀತೆ ಕೇಳೋಣ" ಎಂದು ಟೇಪು ಹಚ್ಚಿ ಮೈಕು ಮುಚ್ಚಿದಳು.

"ಕೊರೀನ್, ನಾನು ಕಣೇ. ಯಾರಿಗೂ ಕೇಳಿಸಿಲ್ಲ. ಎಲ್ಲಿದೀಯಾ?"

ಆಚೆಯಿಂದ ಬಿಕ್ಕು. "ಮನೇಲಿ. ಕಾರಿನ ಕೀ ಅವನ ಹತ್ರ. ಇವತ್ತು ಬಂದು ನೋಡ್ಕೋತೀನಿ ಅಂದುಹೋಗಿದಾನೆ."

"ಶೆರಿಫ್‌ಗೆ ಹೇಳಲಾ?"

"ಬೇಡ! ಚರ್ಚಲ್ಲಿ ಮೊದಲ ಬೆಂಚಲ್ಲಿ ಕೂರೋನು ಆ ಶೆರಿಫ್ಫೇ. ನೇರ ರಾಯ್ಸ್‌ಗೇ ಹೇಳ್ತಾನೆ."

ಗಾಜಿನ ಆಚೆ ಯಂತ್ರ ನೋಡಿಕೊಳ್ಳುತ್ತಿದ್ದ ಡೆಲ್ಬರ್ಟ್ ಎಲ್ಲ ಕೇಳಿಸಿಕೊಂಡಿದ್ದ. ಹೆಡ್‌ಫೋನ್ ಕಿತ್ತಿಟ್ಟು ಬಾಗಿಲಲ್ಲಿ ತಲೆಹಾಕಿದ. "ನಾನು ಹೋಗ್ತೀನಿ. ನೀನು ಅವನನ್ನ ಇಲ್ಲೇ ಹಿಡಿದಿಡು." ಹಿಂಬದಿಯಿಂದ ಅವನ ಟ್ರಕ್ಕು ಹೊರಟಿತು.

"ಡೆಲ್ಬರ್ಟ್ ಬರ್ತಿದಾನೆ, ತಯಾರಾಗಿರು" ಎಂದು ಕೊರೀನ್‌ಗೆ ಹೇಳಿ ಫೋನಿಟ್ಟು, ಆರ್ಡಿತ್ ಮುಖಕ್ಕೆ ನಗು ಅಂಟಿಸಿಕೊಂಡು ಹೊರಗೆ ಬಂದಳು. ರಾಯ್ಸ್ ಗಡಿಯಾರ ನೋಡಿಕೊಳ್ಳುತ್ತಿದ್ದ.

"ತಡ ಆಗ್ತಿದೆ ಆರ್ಡಿತ್. ನಾಳೆ ಬರ್ತೀನಿ ಬಿಡು."

"ಅಯ್ಯೋ, ಮದುವೆ ವಿಷಯಕ್ಕೆ ಜನ ನಿಮ್ಮನ್ನೇ ಕೇಳ್ತಿದಾರೆ. ನೇರ ಪ್ರಸಾರದಲ್ಲಿ ಎರಡು ಮಾತಾಡಿ, ರೆವರೆಂಡ್."

ಹೊಗಳಿಕೆ ನಾಟಿತು. ಟೈ ಸರಿಮಾಡಿಕೊಂಡು ಒಳಗೆ ಬಂದು ಕೂತ. ಹೆಂಡತಿಯ ವಿಧೇಯತೆ, ಗಂಡನ ಹೊಣೆ ಎಂದು ನಿರರ್ಗಳವಾಗಿ ಸುರಿಸಿದ. ಆರ್ಡಿತ್ ತಲೆಯಾಡಿಸುತ್ತಾ ಮೇಜಿನ ಕೆಳಗೆ ಬೆರಳು ಹಿಸುಕಿಕೊಳ್ಳುತ್ತಿದ್ದಳು. ಡೆಲ್ಬರ್ಟ್ ಮುಟ್ಟಿದನೋ ಇಲ್ಲವೋ. ರಾಯ್ಸ್ ಎರಡು ಸಲ ಏಳಲು ನೋಡಿದ, ಎರಡು ಸಲವೂ ಅವಳು ಹೊಸ ಕರೆ ಎತ್ತಿಕೊಂಡಳು.

ಮೂರನೆಯದು ಓಪಲ್ ಅಜ್ಜಿಯದು, ದಿನಾ ಫೋನ್ ಮಾಡುವವಳು.

"ರೆವರೆಂಡ್, ಕೊರೀನ್‌ಳ ಮಣಿಕಟ್ಟು ಹೇಗಿದೆ? ಮೆಟ್ಟಿಲಿಂದ ಬಿದ್ಲು ಅಂದ್ರಿ. ಅವತ್ತಿಂದ ಯೋಚಿಸ್ತಿದೀನಿ, ನಿಮ್ಮನೇಲಿ ಮೆಟ್ಟಿಲೇ ಇಲ್ವಲ್ಲಪ್ಪ?"

ರಾಯ್ಸನ ಕಣ್ಣು ಕೆಂಪು ಗುಂಡಿಯ ಕಡೆ ಹೊರಳಿತು, ಆಮೇಲೆ ಆರ್ಡಿತ್‌ಳ ಕಡೆ. ಅದುಮು ಎಂದು ಬೆರಳಲ್ಲೇ ಸನ್ನೆ ಮಾಡಿದ. ಅವಳ ಕೈ ಗುಂಡಿಯ ಪಕ್ಕದಲ್ಲೇ ಇತ್ತು. ಸ್ಟೇಷನ್ ಉಳಿದಿರುವುದು ಇವನ ಮತ್ತು ಇವನ ಸ್ನೇಹಿತರ ಪ್ರವಚನಗಳ ದುಡ್ಡಿನಿಂದ. ಅವಳು ಕೈ ಎತ್ತಿ ಮಡಿಲಲ್ಲಿಟ್ಟುಕೊಂಡಳು. ಅಜ್ಜಿಯ ಪ್ರಶ್ನೆ ಊರಿಗೆಲ್ಲ ಹೋಯಿತು.

"ಉತ್ತರ ಹೇಳಿ, ರೆವರೆಂಡ್," ಅಂದಳು. ದನಿ ತನ್ನದೇ ಅನ್ನಿಸಲಿಲ್ಲ.

ಅವನು ಮೈಕನ್ನು ಕೈಯಿಂದ ಮುಚ್ಚಿ ಬಗ್ಗಿದ. "ನಿನ್ನಪ್ಪನ ಸ್ಟೇಷನ್ನಿಗೆ ಬೀಗ ಹಾಕಿಸ್ತೀನಿ." ಕುರ್ಚಿ ಬೀಳಿಸಿಕೊಂಡೇ ಹೊರಗೆ ನಡೆದ. ಅವನ ಕಾರು ಮನೆಯ ದಿಕ್ಕಿಗೇ ತಿರುಗಿದ್ದನ್ನು ಆರ್ಡಿತ್ ಕಿಟಕಿಯಿಂದ ಕಂಡಳು. ಆದರೂ ಮೈಕಿಗೆ ಬಂದು ಬೈಬಲ್ಲಿನ ಏನೋ ಒಂದು ಕೀರ್ತನೆ ಓದತೊಡಗಿದಳು, ಯಾವುದೆಂದು ಅವಳಿಗೇ ಗೊತ್ತಿಲ್ಲ.

ಕೊನೆಗೂ ಫೋನಿನ ದೀಪ ಮಿನುಗಿತು. ಟೇಪು ಹಚ್ಚಿ ಎತ್ತಿದಳು.

"ಹೆದ್ದಾರಿ ಪಕ್ಕದ ಪೆಟ್ರೋಲ್ ಬಂಕಿಂದ ಮಾತಾಡ್ತಿದೀನಿ," ಅಂದ ಡೆಲ್ಬರ್ಟ್. "ಪಕ್ಕದಲ್ಲೇ ಇದಾಳೆ. ವಿಚಿಟಾ ನಗರದಲ್ಲಿ ಅವಳ ತಂಗಿ ಕಾಯ್ತಿದಾಳಂತೆ."

ಆರ್ಡಿತ್ ಮೇಜಿಗೆ ಹಣೆಯಿಟ್ಟು ಅತ್ತುಬಿಟ್ಟಳು.

ಬೀಗ ಬೀಳಲಿಲ್ಲ, ಆದರೆ ರಾಯ್ಸ್ ಹಗೆ ತೀರಿಸಿಕೊಂಡ. ಅವನ ಜೊತೆ ಇನ್ನೂ ಮೂವರು ಪಾದ್ರಿಗಳು ಪ್ರವಚನ ನಿಲ್ಲಿಸಿದರು. ಅಪ್ಪನ ಸ್ಟೇಷನ್ ಹಾಳುಮಾಡಿದೆ ಎಂದು ಆರ್ಡಿತ್‌ಳ ಅಣ್ಣ ಅವಳೊಂದಿಗೆ ಮಾತು ಬಿಟ್ಟ. ಖಾಲಿಬಿದ್ದ ಹೊತ್ತಿನಲ್ಲೆಲ್ಲ ಅವಳೇ ಮೈಕಿನ ಮುಂದೆ ಕೂತಳು. ಮೊದಮೊದಲು ಯಾರೂ ಕರೆ ಮಾಡುತ್ತಿರಲಿಲ್ಲ. ಆಮೇಲೆ ಹೆಂಗಸರು ಶುರುಮಾಡಿದರು, ಹೆಸರು ಹೇಳದೆ.