ಪಟ್ಟಿಯ ಕೊನೆಯ ಸಾಲು

ದಾಳಿಂಬ ಎಂಬ ಊರಿನ ಹೆಸರು ಪಟ್ಟಿಯಿಂದ ಮತ್ತೆ ಮಾಯವಾಗಿತ್ತು. ವಾರದಲ್ಲಿ ಇದು ಮೂರನೆಯ ಸಲ. ಉಮರ್ಗಾದ ಗೊಬ್ಬರದಂಗಡಿಯ ಮೇಲಿನ ಆಫೀಸಿನಲ್ಲಿ ಸುವರ್ಣಾ ಪರದೆಯನ್ನೇ ನೋಡುತ್ತ ಕುಳಿತಳು. ಯಾರೋ ಉಂಡೆದ್ದ ಎಂಜಲು ತಟ್ಟೆಯನ್ನು ಮುಂದಿಟ್ಟಂಥ ಹೇಸಿಗೆಯಾಯಿತು.

ಕುರಿಗಳಿಗೆ ಲಸಿಕೆ ಹಾಕುವ ಗಾಡಿ ಯಾವ ಯಾವ ಊರಿಗೆ ಹೋಗಬೇಕೆಂದು ತಿಳಿಸುವ ಪ್ರೋಗ್ರಾಮು ಅದು. ಉಮರ್ಗಾ, ನಿಲಂಗಾ, ಉದಗೀರಗಳ ಮೂರು ಆಫೀಸುಗಳಲ್ಲಿ ಎಂಟು ಜನ ಅದನ್ನು ಬರೆಯುತ್ತಿದ್ದರು. ಊರುಗಳ ಪಟ್ಟಿ ಮಾತ್ರ ಒಂದೇ ಫೈಲಿನಲ್ಲಿ. ಹೊಸ ಊರನ್ನು ಎಲ್ಲರೂ ಅದರ ಕೊನೆಗೇ ಬರೆಯುವರು. ಇಬ್ಬರು ಒಂದೇ ಜಾಗದಲ್ಲಿ ಬರೆದಾಗ ಯಂತ್ರ ಸೇರಿಸಲಾರದೆ ನಿಂತು, ಯಾರದನ್ನು ಉಳಿಸಲಿ ಎಂದು ಕೇಳುವುದು. ಎರಡನ್ನೂ ಉಳಿಸಬಹುದು, ಎರಡು ನಿಮಿಷದ ತಾಳ್ಮೆಯಿದ್ದರೆ. ‘ನನ್ನದು’ ಎಂದು ಒತ್ತಲು ಅದೂ ಬೇಡ.

ಸಂಜೆ ಐದಕ್ಕೆ ಪಟ್ಟಿ ಗಾಡಿಯವರ ಕೈಸೇರುವುದಿತ್ತು. ತಪ್ಪಿದ ಊರಿಗೆ ಮಳೆಗಾಲ ಮುಗಿಯುವವರೆಗೆ ಗಾಡಿಯಿಲ್ಲ. ದಾಳಿಂಬದಲ್ಲಿ ಅವಳ ಅತ್ತೆ ಗುಂಡಮ್ಮನ ಅರವತ್ತು ಕುರಿಗಳಿದ್ದವು.

ಉದಗೀರದ ನೀಲೇಶನಿಗೆ ಫೋನು ಹಚ್ಚಿದಳು.

“ದಾಳಿಂಬ ಎಲ್ಲಿಗಿ ಹೋಯ್ತರೀ ನೀಲೇಶಸಾಬ?”

“ನಂದ್ ನಾ ಉಳಸ್ಕೊಂಡೀನಿ, ಸುವರ್ಣಾಬಾಯಿ. ನಿಮ್ದ್ ನೀವ್ ಮತ್ತ ಹಚ್ಕೋರಿ. ತ್ಯಾತ ಕಾಯ್, ಅದರಾಗೇನ್ ದೊಡ್ಡ ಮಾತದ?” ಬಾಯಲ್ಲಿ ಗುಟಖಾ ತುಂಬಿತ್ತು, ಮಾತು ಜೊಲ್ಲಿನೊಡನೆ ಹೊರಬರುತ್ತಿತ್ತು. “ಹೋದ ಸುತ್ತಿನಾಗ ನಮ್ಮ ವಲಾಂಡಿ ಹಿಂಗs ಹೋಯ್ತು. ಗಾಡಿ ಬರ್ಲಿಲ್ಲ. ಕಾಕಾನ ಹದಿನೇಳ್ ಕುರಿ ಸತ್ತವು. ಯಾರ್ ಅಳಸ್ಯಾರ ಅಂತ ನಾ ಕೇಳೀನೇನು?”

“ಅದಕ್ಕs ಈಗ ಮಂದೀದು ಅಳಸ್ತೀರೇನು? ಥೂ!”

ಅವಳು ಫೋನಿಟ್ಟಳು. ಸಾಹೇಬರಿಗೆ ದೂರು ಕೊಡಲು ಪುರಾವೆ ಬೇಕಿತ್ತು. ಯಾವ ಸಾಲನ್ನು ಯಾವ ದಿನ ಯಾರು ಅಳಿಸಿದರೆಂಬುದನ್ನು ಯಂತ್ರ ಮರೆಯುವುದಿಲ್ಲ. ದಾಳಿಂಬ: ನೀಲೇಶ. ದಾಳಿಂಬ: ನೀಲೇಶ. ಬರೆದುಕೊಳ್ಳುತ್ತ ಹಿಂದೆ ಹಿಂದೆ ಸರಿದಳು. ಹೋದ ಸುತ್ತಿನ ದಿನ ಬಂತು. ವಲಾಂಡಿ: ಸುವರ್ಣಾ.

ಆ ಮಧ್ಯಾಹ್ನ ನೆನಪಿಗೆ ಬಂತು. ಯಂತ್ರದ ಅದೇ ಪ್ರಶ್ನೆ, ಅದೇ ಬೇಸರ. ಆಚೆಯ ಸಾಲಿನಲ್ಲಿ ಏನಿದೆಯೆಂದು ಓದುವ ಮನಸ್ಸಾಗದೆ ‘ನನ್ನದು’ ಎಂದು ಒತ್ತಿ, ಬಸ್‌ಸ್ಟ್ಯಾಂಡಿನ ಕಡೆ ಚಹಕ್ಕೆ ಹೋಗಿದ್ದಳು. ಚಹ ಚೆನ್ನಾಗಿತ್ತೆಂಬುದೂ ನೆನಪಿತ್ತು. ಈಗ ಆ ಗುಂಡಿ ಒತ್ತಿದ ಬೆರಳನ್ನು ಸೀರೆಗೆ ಒರೆಸಿಕೊಂಡಳು. ಬೆರಳಿಗೆ ಏನೂ ಮೆತ್ತಿರಲಿಲ್ಲ.

ಫೋನು ಬಡಿಯಿತು. ಗುಂಡಮ್ಮ.

“ನಾಳಿ ಗಾಡಿ ಬರ್ತದಲ್ಲವಾ? ನಮ್ಮ ಓಣಿ ಮೂರೂ ಮನಿ ಕುರಿ ಒಂದs ಹೊಲದಾಗ ನಿಂದರ್ಸೀವಿ.”

“ಎಲ್ಲಾ ಕಲಸಿಬಿಟ್ಟೀರೇನತ್ತಿ?”

“ನಿನಗ ಹುಚ್ಚs? ಅವರವರ ಕುರಿ ಸುತ್ತ ಅವರವರು ಹಗ್ಗದ ಬಲಿ ಹಾಕ್ಕೊಂಡಾರ. ಕಲಸಿದ್ರ ಹೊತ್ತು ಮುಣಗೂತನಾ ಬಿಡಸ್ಕೋತ ಕೂಡಬೇಕಾಗ್ತದ. ಡಾಕ್ಟರ್ ಬಂದ ಕೂಡ್ಲೆ ಬಲಿ ಎತ್ತಿದ್ರಾಯ್ತು.”

ನಾಲ್ಕಾಗಿತ್ತು. ಸುವರ್ಣಾ ಆ ಉದ್ದನೆಯ ಪಟ್ಟಿಯನ್ನು ಒಡೆದಳು. ಒಂದೊಂದು ಊರಿಗೆ ಒಂದೊಂದು ಪುಟ್ಟ ಫೈಲು. ಪಟ್ಟಿ ಹೊರಡುವ ಹೊತ್ತಿಗೆ ಪ್ರೋಗ್ರಾಮೇ ಎಲ್ಲವನ್ನೂ ಕೂಡಿಸಿಕೊಳ್ಳುವಂತೆ ಬರೆದಳು. ಇನ್ನು ಒಬ್ಬರ ಸಾಲಿನ ಮೇಲೆ ಇನ್ನೊಬ್ಬರ ಕೈ ಬೀಳುವ ಕಾರಣವಿರಲಿಲ್ಲ. ಇಷ್ಟು ಸರಳವಾದುದನ್ನು ಎಂಟು ಜನ ಕಲಿತವರು ವರ್ಷವಿಡೀ ಮಾಡಿರಲಿಲ್ಲ. ಮೊದಲು ವಲಾಂಡಿಯ ಫೈಲು ಬರೆದಳು. ಆಮೇಲೆ ದಾಳಿಂಬದ್ದು. ಪುರಾವೆ ಬರೆದ ಚೀಟಿಯನ್ನು ಹರಿದಳು. ಅದರಿಂದ ಹೇಸಿಗೆಯೇನೂ ಕಡಿಮೆಯಾಗಲಿಲ್ಲ.

ಐದಕ್ಕೆ ಹತ್ತು ನಿಮಿಷವಿರುವಾಗ ಉದಗೀರಕ್ಕೆ ಫೋನು ಹಚ್ಚಿದಳು.

“ವಲಾಂಡಿ ಅಳಸಿದಾಕಿ ನಾನs ಅದೀನ್ರಿ. ಇವತ್ತ ಗೊತ್ತಾಯ್ತು.”

ಆ ಕಡೆ ಅವನು ಉಗುಳಿದ ಸದ್ದು ಕೇಳಿತು.

“ಹದಿನೇಳ್ ಕುರಿ,” ಎಂದ ನೀಲೇಶ. ಬಳಿಕ ಬಾಯಿ ಖಾಲಿಯಾದ ತೆಳು ದನಿಯಲ್ಲಿ ಕೇಳಿದ: “ದಾಳಿಂಬ ಹಚ್ಚೀರೇನು?”

“ಹಚ್ಚೀನ್ರಿ.”

“ಹಂಗಾದ್ರ ಪಟ್ಟಿ ಕಳಸ್ರಿ. ಐದಾಗ್ಲಾಕ ಬಂತು.”