ಎರಡು ಪಟ್ಟಿಗಳ ನಡುವೆ

“ನನಗೆ ನೀರು ಬೇಕು,” ಎಂದಿತು ಕಂಪ್ಯೂಟರು, ಯಾವನೋ ಅಪರಿಚಿತ ಗಂಡಸಿನ ದನಿಯಲ್ಲಿ. ಮಾವ ಟೈಪ್ ಮಾಡಿ ಅದರಿಂದ ಹೇಳಿಸಿದ ಮೊದಲ ಮಾತು ಅದು. ನೀರಿನ ಲೋಟ ಹಿಡಿದು ಬಾಗಿಲಿಗೆ ಬಂದಿದ್ದ ಅತ್ತೆ ಅಲ್ಲೇ ನಿಂತುಬಿಟ್ಟರು.

“ಇದ್ಯಾರಮ್ಮ? ನೀರಿರಲಿ, ಇವನನ್ನ ಮನೆಯೊಳಗೇ ಬಿಟ್ಕೊಳಲ್ಲ ನಾನು. ತೆಗೆದುಹಾಕು,” ಎಂದು ಸೊಸೆಗೆ ಹೇಳಿ ಅಡುಗೆಮನೆಗೆ ಹೊರಟುಹೋದರು.

ಸೊಸೆ ಪೆಚ್ಚಾದಳು. ನಾಳೆ ಮಾವನ ಗಂಟಲಿನ ಆಪರೇಷನ್ನು. ಗಡ್ಡೆಯ ಜೊತೆ ಧ್ವನಿಪೆಟ್ಟಿಗೆಯನ್ನೂ ತೆಗೆಯಬೇಕು, ಆಮೇಲೆ ಮಾತು ಹೊರಡುವುದಿಲ್ಲ ಎಂದು ಡಾಕ್ಟರು ಖಡಾಖಂಡಿತವಾಗಿ ಹೇಳಿದ್ದರು. ರೈಲು ನಿಲ್ದಾಣದಲ್ಲಿ ಬರುವ ಹೋಗುವ ಗಾಡಿಗಳನ್ನು ಕೂಗಿ ಹೇಳುತ್ತಲೇ ಕೂದಲು ನರೆಸಿಕೊಂಡ ಮನುಷ್ಯ ಮೂಕನಾಗಬಾರದೆಂದು ಅವಳು ಟೈಪ್ ಮಾಡಿದ್ದನ್ನು ಓದಿ ಹೇಳುವ ಈ ತಂತ್ರಾಂಶವನ್ನು ಹುಡುಕಿದ್ದಳು. ಮಾವ ಮಾತ್ರ ಕಿಟಕಿಯ ಪರದೆ ಗಾಳಿಗೆ ಉಬ್ಬುವುದನ್ನೂ ಇಳಿಯುವುದನ್ನೂ ಅರೆನಿದ್ದೆಯಲ್ಲಿರುವವರಂತೆ ನೋಡುತ್ತ ಕೂತಿದ್ದರು.

ಮನೆಯ ಈ ಮುಂದಿನ ಕೋಣೆಯೇ ಅವಳ ಕಂಪ್ಯೂಟರ್ ರಿಪೇರಿ ಅಂಗಡಿ. ಹೊಸದೇನನ್ನಾದರೂ ಇನ್‌ಸ್ಟಾಲ್ ಮಾಡುವ ಮೊದಲು ಯಂತ್ರದಲ್ಲಿರುವ ಫೈಲುಗಳ ಪಟ್ಟಿಯೊಂದನ್ನು ತೆಗೆದಿಡುತ್ತಿದ್ದಳು, ಮುಗಿದ ಮೇಲೆ ಇನ್ನೊಂದನ್ನು. ಎರಡನೆಯದರಲ್ಲಿದ್ದು ಮೊದಲಿನದರಲ್ಲಿ ಇಲ್ಲದ್ದೆಲ್ಲ ಹೊಸಬನ ಸಾಮಾನು. ಈ ತಂತ್ರಾಂಶಗಳು ರಜೆಗೆ ಬಂದ ನೆಂಟರ ಹಾಗೆ, ಹೊರಟುಹೋದ ಮೇಲೂ ಮೂಲೆಮೂಲೆಯಲ್ಲಿ ಏನಾದರೂ ಬಿಟ್ಟಿರುತ್ತವೆ. ಬೇಡವಾದಾಗ ಆ ವ್ಯತ್ಯಾಸವನ್ನು ಹಿಡಿದು ಒಂದೂ ಬಿಡದೆ ಅಳಿಸುತ್ತಿದ್ದಳು. ಅಳಿಸಿದ ಜಾಗದ ಮೇಲೆ ಸೊನ್ನೆಗಳನ್ನು ಬರೆಸಿದರೆ ಮುಗಿಯಿತು, ಯಾರು ತಲೆಕೆಳಗಾಗಿ ನಿಂತರೂ ಮತ್ತೆ ಸಿಗದು. ತನ್ನ ಈ ಅಚ್ಚುಕಟ್ಟುತನದ ಬಗ್ಗೆ ಅವಳಿಗೆ ತುಸು ಜಂಬವೂ ಇತ್ತು. ಈಗಲೂ ಹಾಗೆಯೇ ಮಾಡಿದಳು. ಯಂತ್ರ ಗುಂಯ್‌ಗುಡುತ್ತ ಕೆಲಸ ಮುಗಿಸಿತು.

“ಹೋಯ್ತು ಅತ್ತೆ, ಅವನ ಸುಳಿವೂ ಇಲ್ಲ,” ಎಂದು ಒಳಗೆ ಕೂಗಿ ಹೇಳಿದಳು.

ಮಾವ ಮೆಲ್ಲಗೆ ಕೆಮ್ಮಿದರು. “ನಾನಿಟ್ಟಿದ್ದನ್ನ ಕೇಳಿದ್ಯಾ?”

“ಏನಿಟ್ಟಿದ್ರಿ ಮಾವ?”

“ನೀನು ಅದನ್ನ ಇನ್‌ಸ್ಟಾಲ್ ಆಗೋಕೆ ಬಿಟ್ಟು, ಬಟ್ಟೆ ತರೋಕೆ ಮಹಡಿಗೆ ಹೋದ್ಯಲ್ಲ, ಆಗ. ಮೈಕ್ ಹಿಡ್ಕೊಂಡು ಸ್ವಲ್ಪ ಮಾತಾಡಿ ಇಟ್ಟೆ. ನಾಳೆಯಿಂದ ಮನೇಲಿ ನನ್ನ ದನಿ ಅಂತ ಒಂದಿರಲಿ ಅಂತ.”

ಅವಳು ಎರಡನೆಯ ಪಟ್ಟಿಯನ್ನು ಮತ್ತೆ ತೆರೆದು ನೋಡಿದಳು. ಎರಡು ಪಟ್ಟಿಗಳ ನಡುವಿನ ಹೊತ್ತಿನಲ್ಲಿ ಯಂತ್ರವನ್ನು ಯಾರೂ ಮುಟ್ಟುವಂತಿಲ್ಲ. ಅಂಗಡಿಗೆ ಬಂದವರಿಗೆಲ್ಲ ಗದರಿಸಿ ಹೇಳುವ ಈ ಮಾತನ್ನು ಮನೆಯವರಿಗೆ ಹೇಳಲು ಮರೆತಿದ್ದಳು. ಹೆಸರು ಕೂಡ ಓದಲಾಗದ ನೂರಾರು ಫೈಲುಗಳ ಜೊತೆ ಮಾವನ ದನಿಯೂ ಹೊಸಬನ ಸಾಮಾನಾಗಿ ಹೋಗಿತ್ತು.

“ಅದನ್ನೂ ಅಳಿಸಿಬಿಟ್ಟೆ ಮಾವ. ಇನ್ನು ಸಿಗಲ್ಲ,” ಎಂದಳು. ಅಳು ಬಂತು, ತಡೆದುಕೊಳ್ಳಲಿಲ್ಲ. “ಏನ್ ಹೇಳಿದ್ರಿ ಅದರಲ್ಲಿ?”

“ಏನೋ ಭಾಷಣ. ಎಲ್ರೂ ಚೆನ್ನಾಗಿರಿ, ಕಿತ್ತಾಡಬೇಡಿ ಅಂತ. ಹೋಗಿದ್ದೇ ಒಳ್ಳೇದಾಯ್ತು ಬಿಡು. ಆ ಮೈಕ್ ಇತ್ತ ಕೊಡು, ದಿನಾ ಬೇಕಾಗೋದನ್ನ ಇಡ್ತೀನಿ.”

ಅವಳು ಕಣ್ಣೊರೆಸಿಕೊಂಡು ರೆಕಾರ್ಡಿಂಗ್ ಶುರುಮಾಡಿದಳು. ಮಧ್ಯಾಹ್ನದ ಬಿಸಿಲು ಪರದೆಯಲ್ಲಿ ಸೋಸಿ ಬಂದು ಕೋಣೆಯೆಲ್ಲ ತೆಳು ಹಳದಿಯಾಗಿತ್ತು, ದೂಳಿನ ಕಣಗಳು ಅವಸರವಿಲ್ಲದೆ ತೇಲುತ್ತಿದ್ದವು. ಮಾವ ಮೈಕನ್ನು ತುಟಿಯ ಹತ್ತಿರ ಹಿಡಿದರು. ಆಮೇಲೆ, ದಿನಾ ಕರೆಯುವ ಹಾಗೆ, ಒಡೆದ ದನಿಯಲ್ಲಿ ಕರೆದರು.

“ಲೇ, ಇವಳೇ.”

“ಬಂದೆ, ಇರಿ.” ಅತ್ತೆ ಕೈ ಒರೆಸಿಕೊಳ್ಳುತ್ತ ಬಂದು ಪಕ್ಕದಲ್ಲಿ ನಿಂತರು. “ಏನು?”

ಮಾವ ತಿರುಗಿ ನೋಡಲಿಲ್ಲ. “ಇವಳೇ, ಎಲ್ಲಿದ್ದೀಯ?”

“ಇಲ್ಲೇ ಇದೀನಲ್ಲ, ಮತ್ಯಾಕೆ ಕೂಗ್ತೀ…” ಅತ್ತೆಯ ಕಣ್ಣು ಮೈಕಿನ ಮೇಲೆ ಹೋಯಿತು, ಅಲ್ಲಿಂದ ಸೊಸೆಯ ಒದ್ದೆ ಮುಖದ ಮೇಲೆ. ಸದ್ದಾಗದ ಹಾಗೆ ಕುರ್ಚಿ ಎಳೆದುಕೊಂಡು ಕೂತರು.

“ಲೇ, ಇವಳೇ.”

“ಓ,” ಎಂದರು ಅತ್ತೆ.

“ಇವಳೇ.”

“ಓ.”